ಸಮುದ್ರವರ್ಣನೆಯೂ ಸಮುದ್ರವೂ

ಸಾಹಿತ್ಯದ ವಿದ್ಯಾರ್ಥಿಗಳನ್ನು ಕಡಲ ದಂಡೆಗೆ ಕರೆದೊಯ್ಯುವ ಅಗತ್ಯವೇನು ಎಂಬ ಪ್ರಶ್ನೆಯನ್ನು ಕಳೆದ ಕೆಲವು ವರ್ಷಗಳಲ್ಲಿ ನಾನು ಹಲವು ಸಲ ಎದುರಿಸಿದ್ದೇನೆ. ಕೇಳಿದವರಲ್ಲಿ ಸಹೋದ್ಯೋಗಿಗಳಿದ್ದಾರೆ, ಆಡಳಿತದ ಹೊಣೆ ಹೊತ್ತವರಿದ್ದಾರೆ, ಮಕ್ಕಳ ತಂದೆತಾಯಿಗಳಿದ್ದಾರೆ. ಪ್ರಾಣಿಶಾಸ್ತ್ರದವರು ಹೋದರೆ ಅದು ಕ್ಷೇತ್ರಕಾರ್ಯ; ಭೂಗೋಳದವರು ಹೋದರೆ ಅಧ್ಯಯನ ಪ್ರವಾಸ; ಕನ್ನಡದವರು ಹೋದರೆ ಮಾತ್ರ ವಿಹಾರ. ಈ ವಿಂಗಡಣೆಯನ್ನು ಇತರರು ನಂಬಿದ್ದರೆ ಆಶ್ಚರ್ಯವಿಲ್ಲ. ನಾವೇ ನಂಬಿಕೊಂಡಿದ್ದೇವೆ ಎಂಬುದು ಚಿಂತೆಯ ವಿಷಯ. ಈ ವಿಭಾಗದಲ್ಲಿಯೇ ಓದಿ, ಇಲ್ಲಿಯೇ ಸಂಶೋಧನೆ ಮಾಡಿ, ಬಳಿಕ ಮುಂಬಯಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತ ಬಂದವನು ನಾನು. ವಿಭಾಗದ ಸಂಸ್ಮರಣ ಸಂಪುಟಕ್ಕೆ ಲೇಖನವನ್ನು ಕೇಳಿದಾಗ, ನನ್ನ ಸಂಶೋಧನೆಯ ವಿಷಯಕ್ಕಿಂತ ಈ ಪ್ರಶ್ನೆಯನ್ನೇ ಎತ್ತಿಕೊಳ್ಳುವುದು ಹೆಚ್ಚು ಉಚಿತವೆಂದು ತೋರಿತು.

ವಿಷಯ ಆರಂಭವಾದದ್ದು ತರಗತಿಯಲ್ಲಿ. ಚಂಪೂಕಾವ್ಯಗಳ ಪಾಠದಲ್ಲಿ ಅಷ್ಟಾದಶ ವರ್ಣನೆಗಳ ಪ್ರಸ್ತಾಪ ಬಂದಿತ್ತು. ದಂಡಿಯ 'ಕಾವ್ಯಾದರ್ಶ'ವು ಮಹಾಕಾವ್ಯದಲ್ಲಿ ಇರಬೇಕಾದ ವರ್ಣನೆಗಳನ್ನು ಎಣಿಸುವಾಗ ನಗರದ ಹಿಂದೆಯೇ ಸಮುದ್ರವನ್ನು ಹೇಳುತ್ತದೆ. ರತ್ನಗಳ ಗಣಿ, ಮಕರಗಳ ಮನೆ, ಒಡಲಲ್ಲಿ ಬಡಬಾನಲವನ್ನು ಹೊತ್ತಿರುವ ಜಲರಾಶಿ - ಹೀಗೆ ನಾನು ವಿವರಿಸುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಎದ್ದು, 'ಸರ್, ಈ ಸಮುದ್ರಕ್ಕೆ ವಾಸನೆಯೇ ಇಲ್ಲವಲ್ಲ' ಎಂದಳು. ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಆ ಮಾತು ಸಾಯಂಕಾಲದವರೆಗೂ ನನ್ನನ್ನು ಬಿಡಲಿಲ್ಲ. ಅವಳು ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತು, ಕಾಂಕ್ರೀಟಿನ ದಿಮ್ಮಿಗಳಿಗೆ ಅಪ್ಪಳಿಸುವ ನೀರನ್ನು ನೋಡಿದ್ದಳು. ಚೌಪಾಟಿಯಲ್ಲಿ ಭೇಲ್ ತಿಂದಿದ್ದಳು. ಆದರೆ ಇಳಿತದ ಹೊತ್ತಿನಲ್ಲಿ ಬರಿಗಾಲಲ್ಲಿ ಒದ್ದೆ ಮಳಲಿನ ಮೇಲೆ ನಡೆದಿದ್ದೀಯಾ ಎಂದು ಕೇಳಿದರೆ, ಇಲ್ಲವೆಂದಳು. ತರಗತಿಯ ಬಹುಮಂದಿಯ ಉತ್ತರವೂ ಅದೇ ಆಗಿತ್ತು. ಮೂರು ಕಡೆಯೂ ಕಡಲಿರುವ ಊರಿನಲ್ಲಿ ಕಡಲನ್ನು ಕಾಣದ ಒಂದು ತಲೆಮಾರು ನನ್ನೆದುರು ಕುಳಿತಿತ್ತು.

ಹಾಗೆಂದು ನಮ್ಮ ಪ್ರಾಚೀನ ಕವಿಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಪಂಪನಿಗೆ ಆಶ್ರಯವಿತ್ತ ವೇಮುಲವಾಡ, ರನ್ನನ ಮುದುವೊಳಲು, ಕುಮಾರವ್ಯಾಸನ ಗದಗು - ಇವೆಲ್ಲವೂ ಒಳನಾಡಿನ ಊರುಗಳು. ಕನ್ನಡ ಕಾವ್ಯದ ಕಡಲು ಬಹುಮಟ್ಟಿಗೆ ಒಳನಾಡಿನಲ್ಲಿ ನಿಂತು ಕಲ್ಪಿಸಿಕೊಂಡ ಕಡಲು. ಅದು ಒಂದು ಭಾವನೆಯ ಕಡಲು. ಗಾಂಭೀರ್ಯಕ್ಕೆ, ಆಳಕ್ಕೆ, ಎಲ್ಲೆ ಮೀರದ ಸಂಯಮಕ್ಕೆ ಉಪಮಾನ. ಆ ಸಂಪ್ರದಾಯಕ್ಕೆ ತನ್ನದೇ ಆದ ಸೊಬಗಿದೆ. ಕಡಲಿಗೆ ಹತ್ತಿರದ ಮೂಡುಬಿದಿರೆಯ ರತ್ನಾಕರವರ್ಣಿಯ ಹೆಸರಿನಲ್ಲೇ ಸಮುದ್ರವಿದೆ ಎಂಬುದನ್ನು ನಾವು ಮರೆಯಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 'ಮರಳಿ ಮಣ್ಣಿಗೆ' ಕಾದಂಬರಿಯಲ್ಲಿ ಮೂರು ತಲೆಮಾರುಗಳ ಬದುಕನ್ನು ಕಡಲಿನ ಮಗ್ಗುಲಲ್ಲೇ ಇಟ್ಟು ನೋಡಿದರು. ಉತ್ತರ ಕನ್ನಡದ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿದ್ದುಕೊಂಡು ತಮ್ಮ ಊರನ್ನು ಮತ್ತೆ ಮತ್ತೆ ಬರೆದರು. ಹೀಗೆ ಕನ್ನಡ ಗದ್ಯಕ್ಕೆ ಉಪ್ಪಿನ ರುಚಿ ಬಂದಿದೆ. ಆದರೆ ಈ ಎರಡು ಕಡಲುಗಳ ನಡುವಣ ಅಂತರವನ್ನು ತಿಳಿಯಬೇಕಾದರೆ ಓದುವವನಿಗೆ ಮೂರನೆಯದೊಂದು ಕಡಲಿನ ಪರಿಚಯ ಇರಬೇಕು. ಅದು ಕಾಲಿಗೆ ತಾಗುವ ಕಡಲು.

ಆದುದರಿಂದ 2018ರ ಜನವರಿಯ ಮೊದಲ ವಾರದಲ್ಲಿ, ಹುಣ್ಣಿಮೆ ಕಳೆದು ಐದನೆಯ ದಿನ, ನಾವು ಗೇಟ್‌ವೇ ಆಫ್ ಇಂಡಿಯಾದಿಂದ ಮೊದಲ ದೋಣಿ ಹತ್ತಿ ಮಾಂಡ್ವಾಕ್ಕೆ ಹೋದೆವು. ಅಲ್ಲಿಂದ ಬಸ್ಸು, ಮುಂದೆ ಆವಾಸ್ ಮತ್ತು ಕಿಹೀಂ ಗ್ರಾಮಗಳ ನಡುವಿನ ದಂಡೆಗೆ ನಡಿಗೆ. ರಾಯಗಡ ಜಿಲ್ಲೆಯ ಈ ದಂಡೆಗಳು ಭಾನುವಾರಗಳಲ್ಲಿ ಜಾತ್ರೆಯಂತಿರುತ್ತವೆ. ಉಳಿದ ದಿನಗಳ ಬೆಳಗಿನ ಹೊತ್ತಿನಲ್ಲಿ ಸರ್ವೆಮರಗಳ ಸಾಲಿನ ಆಚೆಗೆ ಮನುಷ್ಯರ ಸುಳಿವೇ ಇಲ್ಲದ ಉದ್ದಾನುದ್ದ ಮಳಲು ಸಿಗುತ್ತದೆ. ಕಿಹೀಂ ನಮಗೆ ಮತ್ತೊಂದು ಕಾರಣಕ್ಕೂ ಮುಖ್ಯ. ಪಕ್ಷಿತಜ್ಞ ಸಲೀಂ ಅಲಿಯವರು 1930ರಲ್ಲಿ, ಕೈಯಲ್ಲಿ ಉದ್ಯೋಗವಿಲ್ಲದೆ ಈ ಊರಿನಲ್ಲಿ ವಾಸವಾಗಿದ್ದಾಗ, ಗೀಜಗ ಗೂಡು ಕಟ್ಟುವ ಬಗೆಯನ್ನು ತಿಂಗಳುಗಟ್ಟಲೆ ಕುಳಿತು ಗಮನಿಸಿದರು. ಅವರಿಗೆ ವಿದ್ವತ್‌ಲೋಕದಲ್ಲಿ ಮನ್ನಣೆ ತಂದುಕೊಟ್ಟದ್ದು ಆ ಅಧ್ಯಯನ. ಒಂದೇ ಸ್ಥಳದಲ್ಲಿ ಕುಳಿತು ತಾಳ್ಮೆಯಿಂದ ನೋಡುವುದು ಸಂಶೋಧನೆಯ ಮೊದಲ ಪಾಠವೆಂದು ನಾನು ಅಲ್ಲಿ ಹೇಳಿದೆ. ಗೀಜಗ ಎಂಬ ಹೆಸರನ್ನು ಪದ್ಯಗಳಲ್ಲಿ ಓದಿದ್ದ ಮಕ್ಕಳಲ್ಲಿ ಇಬ್ಬರು ಮಾತ್ರ ಅದರ ಗೂಡನ್ನು ಕಂಡಿದ್ದರು.

ನಮ್ಮೊಡನೆ ಒಬ್ಬ ವಿದ್ಯಾರ್ಥಿಯ ತಂದೆಯವರೂ ಬಂದಿದ್ದರು. ಅವರು ಗಂಗೊಳ್ಳಿಯ ಕಡೆಯ ಮೀನುಗಾರ ಮನೆತನದವರು. ಬಾಲ್ಯದಲ್ಲಿ ರಂಪಣಿ ಬಲೆ ಎಳೆಯುವವರ ಸಾಲಿನಲ್ಲಿ ಹಗ್ಗ ಹಿಡಿದವರು. 1970ರ ದಶಕದ ಕೊನೆಗೆ ಯಾಂತ್ರಿಕ ದೋಣಿಗಳೂ ಪರ್ಸೀನ್ ಬಲೆಗಳೂ ಬಂದು ರಂಪಣಿ ಹಿಂದೆ ಸರಿದಾಗ, ಎಷ್ಟೋ ಹುಡುಗರಂತೆ ಮುಂಬಯಿಯ ಬಸ್ಸು ಹತ್ತಿ, ಹೋಟೆಲಿನಲ್ಲಿ ದುಡಿಯುತ್ತ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಮಗನ ಅಧ್ಯಾಪಕರೆದುರು ಮಾತನಾಡಲು ಮೊದಮೊದಲು ಸಂಕೋಚಪಟ್ಟ ಅವರು, ಮಳಲಿಗೆ ಕಾಲಿಟ್ಟ ಕೂಡಲೆ ಬೇರೆಯೇ ಮನುಷ್ಯರಾದರು. ಗಾಳಿ ಯಾವ ಕಡೆಯಿಂದ ಬರುತ್ತಿದೆಯೆಂದು ನಾನು ಕೇಳಿದಾಗ ವಿದ್ಯಾರ್ಥಿಗಳು 'ಪೂರ್ವದಿಂದ' ಎಂದರು. ಅವರು ಕೈ ಎತ್ತಿ, 'ಇದು ಮೂಡುಗಾಳಿ. ಮಧ್ಯಾಹ್ನದ ಮೇಲೆ ತಿರುಗಿ ಪಡುಗಾಳಿಯಾಗುತ್ತದೆ, ನೋಡಿ' ಎಂದರು. ಹಾಗೆಯೇ ಆಯಿತು.

ಮೂಡು, ಪಡು, ತೆಂಕು, ಬಡಗು ಎಂಬ ನಾಲ್ಕು ಶಬ್ದಗಳನ್ನು ನಾನು ಭಾಷಾಶಾಸ್ತ್ರದ ತರಗತಿಯಲ್ಲಿ ಎಷ್ಟು ಬಾರಿ ಹೇಳಿದ್ದೆನೋ ಲೆಕ್ಕವಿಲ್ಲ. ಆದರೆ ಪಡುಬಿದ್ರಿ ಮೂಲದ ಕುಟುಂಬದ ಹುಡುಗಿಯೊಬ್ಬಳು ಅಂದು ಪಡುವಣ ಕಡಲಿಗೆ ಮುಖ ಮಾಡಿ ನಿಂತು, ತನ್ನ ಊರಿನ ಹೆಸರಿನ ಅರ್ಥ ತನಗೆ ಈಗ ತಿಳಿಯಿತು ಎಂದಳು. ಅವಳ ಬೆನ್ನಿಗೇ ಇನ್ನೊಬ್ಬಳು ಮೂಡುಬಿದಿರೆಯನ್ನು ಹೇಳಿದಳು. ಮತ್ತೊಬ್ಬ ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟುಗಳನ್ನು ಹೇಳಿದ. ಅಳಿವೆ, ಕೋಡಿ, ಪಡುಕೆರೆ, ಭರತ, ಇಳಿತ, ಸೆಳವು, ಬೀಸುಬಲೆ, ಪಾತಿದೋಣಿ - ಪುಸ್ತಕದ ಕೊನೆಯ ಶಬ್ದಾರ್ಥಗಳಲ್ಲಿ ಕೂಡ ಕಾಣಿಸದ ಮಾತುಗಳು ಒಂದೊಂದಾಗಿ ಟಿಪ್ಪಣಿ ಪುಸ್ತಕಗಳಿಗೆ ಇಳಿದವು. ಮಳಲ ದಿಬ್ಬವನ್ನು ಅಪ್ಪಿ ಹಬ್ಬಿದ್ದ ನೇರಳೆ ಹೂವಿನ ಬಳ್ಳಿಯನ್ನು ತೋರಿಸಿ ಅವರು ಅಡುಂಬು ಎಂದರು. ಆ ಬಳ್ಳಿ ಇರುವ ಕಡೆ ಗಾಳಿಗೆ ಮಳಲು ಹಾರಿಹೋಗುವುದಿಲ್ಲ ಎಂದೂ ಹೇಳಿದರು. ಇಳಿತದ ಮಳಲಿನ ಮೇಲೆ ಸಾಸಿವೆಗಿಂತ ತುಸು ದೊಡ್ಡ ಗುಂಡುಗಳನ್ನು ಚಿತ್ತಾರದಂತೆ ಹರಡಿದ್ದ ಸಣ್ಣ ಏಡಿಗಳನ್ನು ಮಕ್ಕಳು ಮೊಣಕಾಲೂರಿ ನೋಡಿದರು. ಮಳಲಿನೊಳಗಿನ ಆಹಾರವನ್ನು ಹೀರಿ, ಉಳಿದದ್ದನ್ನು ಗುಂಡು ಮಾಡಿ ಎಸೆಯುವುದು ಆ ಏಡಿಯ ಕಸುಬು. ಭರತ ಬಂದಾಗ ಚಿತ್ತಾರವೆಲ್ಲ ಅಳಿಯುತ್ತದೆ. ಮರು ಇಳಿತಕ್ಕೆ ಮತ್ತೆ ಮೊದಲಾಗುತ್ತದೆ.

ನನಗೆ ಅತ್ಯಂತ ಸಂತೋಷ ತಂದ ಮಾತು ಬಂದದ್ದು ಕರಾವಳಿಯವನಲ್ಲದ ಹುಡುಗನಿಂದ. ಅವನ ಹಿರಿಯರು ವಿಜಯಪುರ ಜಿಲ್ಲೆಯವರು. ನೀರು ಹಿಂದೆ ಸರಿದು ತೆರೆದುಕೊಂಡ ಕಪ್ಪು ಬಂಡೆಗಳ ಮೇಲೆ ಕೈಯಾಡಿಸಿ, 'ಸರ್, ಇದು ನಮ್ಮ ಅಜ್ಜಿಯ ಊರಿನ ಬಾವಿಯ ಕಲ್ಲು' ಎಂದ. ಅವನ ಮಾತು ಅಕ್ಷರಶಃ ಸತ್ಯ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಹೆಪ್ಪುಗಟ್ಟಿ ಆದ ದಖ್ಖನ್ನಿನ ಬಸಾಲ್ಟ್ ಶಿಲೆಯೇ ವಿಜಯಪುರ, ಕಲಬುರಗಿ, ಬೆಳಗಾವಿಗಳ ನೆಲದ ಕೆಳಗೂ ಇದೆ, ಕೊಂಕಣದ ಈ ದಂಡೆಯಲ್ಲೂ ಇದೆ. ಮುಂಬಯಿ ಕನ್ನಡಿಗರೆಂದರೆ ಕರಾವಳಿಯವರು ಮಾತ್ರ ಎಂಬ ರೂಢಿಯ ಮಾತನ್ನು ಆ ಬಂಡೆ ಯಾವ ಭಾಷಣವೂ ಇಲ್ಲದೆ ತಿದ್ದಿತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಲೇಖನ ಅಪ್ರಾಮಾಣಿಕವಾಗುತ್ತದೆ. ಆ ದಿನ ಒಂದು ಅನಾಹುತ ನಮ್ಮ ಹತ್ತಿರದಿಂದಲೇ ಹಾದುಹೋಯಿತು, ಮತ್ತು ಅದಕ್ಕೆ ನಾನೇ ಹೊಣೆಗಾರ.

ನಾನು ಮುನ್ನವೇ ಉಬ್ಬರವಿಳಿತದ ವೇಳಾಪಟ್ಟಿ ನೋಡಿ ದಿನವನ್ನು ಗೊತ್ತುಮಾಡಿದ್ದೆ. ಬೆಳಗಿನ ಹತ್ತರ ಸುಮಾರಿಗೆ ಪೂರ್ಣ ಇಳಿತ. ನಾಲ್ಕಕ್ಕೆ ಸ್ವಲ್ಪ ಮೊದಲು ಪೂರ್ಣ ಭರತ. ದಂಡೆಯಲ್ಲಿ ಸಿಕ್ಕ ಕೋಳಿ ಜನಾಂಗದ ವೃದ್ಧರೊಬ್ಬರು ಇದನ್ನು ಯಾವ ಪಟ್ಟಿಯೂ ಇಲ್ಲದೆ ಮರಾಠಿಯಲ್ಲಿ ಹೇಳಿದರು: ತಿಥಿಯ ಮುಕ್ಕಾಲು ಪಾಲು ಎಷ್ಟೋ ಅಷ್ಟು ಗಂಟೆಗೆ ಭರತಿ. ಅಂದು ಪಂಚಮಿ, ಐದರ ಮುಕ್ಕಾಲು ಮೂರೂ ಮುಕ್ಕಾಲು. ಪಂಚಾಂಗವೂ ಕಡಲೂ ಒಂದೇ ಚಂದ್ರನನ್ನು ಅನುಸರಿಸುವುದರಿಂದ ಲೆಕ್ಕ ಸರಿಯಾಗಿಯೇ ಇತ್ತು. ನಾನು ಅದನ್ನು ಜಾನಪದದ ಒಳ್ಳೆಯ ಸಾಮಗ್ರಿಯೆಂದು ಬರೆದುಕೊಂಡೆ. ಆದರೆ ವಿದ್ಯಾರ್ಥಿಗಳನ್ನು ಒಟ್ಟು ಸೇರಿಸಿ, 'ಹನ್ನೆರಡರ ಮೇಲೆ ಯಾರೂ ಬಂಡೆಗಳ ಕಡೆಗೆ ಹೋಗಕೂಡದು' ಎಂದು ಹೇಳಲಿಲ್ಲ. ವೇಳೆಯ ತಿಳಿವಳಿಕೆ ನನ್ನ ಜೇಬಿನಲ್ಲಿದ್ದರೆ ಸಾಕೆಂದು ಭಾವಿಸಿದ್ದೆ.

ಹನ್ನೆರಡೂವರೆಯ ಹೊತ್ತಿಗೆ ಬುತ್ತಿ ಬಿಚ್ಚುವಾಗ ಎಣಿಸಿದರೆ ಇಬ್ಬರು ಹುಡುಗರು ಕಾಣಿಸಲಿಲ್ಲ. ಅವರು ದೂರದ ಬಂಡೆಯ ಮೇಲೆ ಕುಳಿತಿದ್ದರು. ಅವರ ಮುಂದಿನ ಕಡಲು ಶಾಂತವಾಗಿಯೇ ಇತ್ತು. ನೀರು ತುಂಬಿಕೊಂಡದ್ದು ಅವರ ಬೆನ್ನ ಹಿಂದೆ, ಬಂಡೆಗೂ ದಂಡೆಗೂ ನಡುವಿನ ತಗ್ಗಿನಲ್ಲಿ. ಗಂಗೊಳ್ಳಿಯವರು ಊಟ ಬಿಟ್ಟು ಎದ್ದು ಓಡಿದರು. ಅವರು ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಎದೆಮಟ್ಟದ ನೀರಿನಲ್ಲಿ ನಿಂತು ಕೈ ಕೊಟ್ಟು ಇಬ್ಬರನ್ನೂ ದಾಟಿಸಿದರು. ಹುಡುಗರು ನಗುತ್ತ ಬಂದರು. ಅವರ ಮುಖವನ್ನು ನೋಡಿದ ಮೇಲೆ ನಗಲಿಲ್ಲ. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಇಲ್ಲಿ ಬರೆಯಬೇಕಾಗಿಲ್ಲ.

ಅನಂತರ ನಾನು ಕಲಿತದ್ದು ಇಷ್ಟು. ನೀರು ಆರು ಗಂಟೆಗಳ ಕಾಲ ಸಮವಾಗಿ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ ಮೂರು ಪಾಲು ಏರುತ್ತದೆಂದು ನಾವಿಕರು ಸ್ಥೂಲವಾಗಿ ಲೆಕ್ಕ ಹಾಕುತ್ತಾರೆ. ಮೊದಲ ಗಂಟೆಯ ಮಂದಗತಿಯನ್ನು ಕಂಡು ಧೈರ್ಯ ತಾಳಿದವನು ಮೂರನೆಯ ಗಂಟೆಯಲ್ಲಿ ಸಿಕ್ಕಿಬೀಳುತ್ತಾನೆ. ಎರಡನೆಯದಾಗಿ, ಮಂಗಳೂರಿನ ಕಡಲಿನಲ್ಲಿ ಉಬ್ಬರವಿಳಿತಗಳ ಅಂತರ ಸುಮಾರು ಒಂದೂವರೆ ಮೀಟರಿನಷ್ಟಾದರೆ, ಮುಂಬಯಿಯ ಸುತ್ತ ಹುಣ್ಣಿಮೆ ಅಮಾವಾಸ್ಯೆಗಳ ಹೊತ್ತಿಗೆ ಅದು ಐದು ಮೀಟರುಗಳ ಸಮೀಪಕ್ಕೆ ಹೋಗುತ್ತದೆ. ಊರಿನ ಕಡಲನ್ನು ಬಲ್ಲೆವೆಂಬ ನಮ್ಮ ಕರಾವಳಿಯ ಹಿರಿಯರ ಆತ್ಮವಿಶ್ವಾಸ ಕೂಡ ಇಲ್ಲಿ ಮೋಸಹೋಗಬಹುದು. ಮೂರನೆಯದು ಸೆಳವು. ಅಲೆಗಳು ಒಡೆಯುವ ಸಾಲಿನ ನಡುವೆ ನೀರು ಎಲ್ಲಿ ನಯವಾಗಿ, ಸಮಾಧಾನವಾಗಿ ಕಾಣುತ್ತದೆಯೋ ಅಲ್ಲಿಯೇ ಅದು ಹೊರಗಡಲಿಗೆ ಎಳೆದೊಯ್ಯುತ್ತಿರುವ ಸಾಧ್ಯತೆ ಹೆಚ್ಚು. ಸಿಕ್ಕಿದವನು ದಂಡೆಯ ಕಡೆಗೆ ಎದುರೀಜಬಾರದು. ತೇಲುತ್ತ ಉಸಿರನ್ನು ಉಳಿಸಿಕೊಂಡು, ದಂಡೆಗೆ ಸಮಾನಾಂತರವಾಗಿ ಸರಿದು, ಸೆಳವು ಮುಗಿದ ಮೇಲೆ ಮರಳಬೇಕು. ಈ ಮೂರು ಸಂಗತಿಗಳನ್ನು ಹೇಳಲು ಹದಿನೈದು ನಿಮಿಷ ಸಾಕು. ಆ ಹದಿನೈದು ನಿಮಿಷಗಳನ್ನು ನಾನು ಕೊಟ್ಟಿರಲಿಲ್ಲ.

ನಾವು ಹೋಗುವುದಕ್ಕೆ ಎರಡು ವರ್ಷ ಮೊದಲು, 2016ರ ಫೆಬ್ರವರಿ 1ರಂದು, ಇದೇ ರಾಯಗಡ ಜಿಲ್ಲೆಯ ಮುರುಡ್ ದಂಡೆಯಲ್ಲಿ ಪುಣೆಯಿಂದ ಬಂದ ಹದಿನಾಲ್ಕು ವಿದ್ಯಾರ್ಥಿಗಳು ನೀರುಪಾಲಾಗಿದ್ದರು. 2024ರ ಡಿಸೆಂಬರಿನಲ್ಲಿ ಉತ್ತರ ಕನ್ನಡದ ಮುರುಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದ ನಾಲ್ವರು ಶಾಲಾ ಬಾಲಕಿಯರು ಅಲೆಗಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಇಂತಹ ದುರಂತಗಳ ಬಳಿಕ ಆಡಳಿತಗಳು ಮೊದಲು ಕೈಹಾಕುವುದು ನಿಷೇಧಕ್ಕೆ. ನಮ್ಮ ಪ್ರಸಂಗವನ್ನು ನಾನು ಮುಚ್ಚಿಡದೆ ವರದಿ ಮಾಡಿದಾಗ ನನ್ನ ಸಂಸ್ಥೆಯೂ ಹಾಗೆಯೇ ಮಾಡಿತು: ಭಾಷಾ ವಿಭಾಗಗಳ ಜಲತೀರದ ಪ್ರವಾಸಗಳಿಗೆ ಅನುಮತಿಯಿಲ್ಲ. ವರದಿ ಮಾಡದಿದ್ದರೆ ಒಳ್ಳೆಯದಿತ್ತು ಎಂದು ಹಿತೈಷಿಗಳು ಹೇಳಿದರು. ನಾನು ಹಾಗೆ ಭಾವಿಸುವುದಿಲ್ಲ. ಆದರೆ ನಿಷೇಧವನ್ನೂ ಒಪ್ಪಲಾರೆ.

ನನ್ನ ವಾದ ಸರಳವಾದದ್ದು. ಆ ಇಬ್ಬರು ಹುಡುಗರನ್ನು ಅಪಾಯಕ್ಕೆ ನೂಕಿದ್ದು ಕಡಲಲ್ಲ, ಕಡಲಿನ ಬಗೆಗಿನ ಅಜ್ಞಾನ. ನಿಷೇಧವು ಆ ಅಜ್ಞಾನವನ್ನು ಹಾಗೆಯೇ ಉಳಿಸುತ್ತದೆ. ಕಾಲೇಜು ಕರೆದೊಯ್ಯದಿದ್ದರೆ ಇಪ್ಪತ್ತರ ಹರೆಯದವರು ಕಡಲಿಗೆ ಹೋಗದೆ ಇರುತ್ತಾರೆಯೇ? ರಜೆಯ ದಿನ, ಬಲ್ಲವರಾರೂ ಜೊತೆಗಿಲ್ಲದೆ, ತಾವೇ ಹೋಗುತ್ತಾರೆ. ನಮ್ಮನ್ನು ಕಾಪಾಡಿದ್ದು ಸುತ್ತೋಲೆಯಲ್ಲ. ಹೋಟೆಲಿನಲ್ಲಿ ನಾಲ್ಕು ದಶಕ ದುಡಿದರೂ ನೀರಿನ ನಡೆಯನ್ನು ಮರೆಯದ ಒಬ್ಬ ಮನುಷ್ಯನ ಕಣ್ಣು. ಆ ಅರಿವು ಯಾವ ಭಾಷೆಯಲ್ಲಿದೆಯೋ ಆ ಭಾಷೆಯೇ ನಮ್ಮ ಅಧ್ಯಯನದ ವಿಷಯ. ಸೆಳವು ಎಂಬ ಶಬ್ದವನ್ನು ಬಲ್ಲವನು ಸೆಳವನ್ನು ಕಾಣಬಲ್ಲ. ಹೆಸರಿಲ್ಲದವನಿಗೆ ಅದು ಬರಿಯ ನೀರು.

ಇದರ ಜೊತೆಗೆ ಕಾಡು ದಂಡೆಗಳೇ ಕಡಿಮೆಯಾಗುತ್ತಿರುವುದನ್ನೂ ನೆನೆಯಬೇಕು. 1991ರಲ್ಲಿ ಜಾರಿಗೆ ಬಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 2011ರಲ್ಲಿ ಹೊಸ ರೂಪ ಪಡೆಯಿತು. 2019ರ ಆವೃತ್ತಿಯು ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ಕರಾವಳಿಯಲ್ಲಿ ಕಟ್ಟಡರಹಿತ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಅಡುಂಬು ಬಳ್ಳಿ ಹಬ್ಬುವುದು ಈ ಪಟ್ಟಿಯಲ್ಲೇ. ವಸ್ತು ಹೋದ ಮೇಲೆ ಶಬ್ದ ಬಹುಕಾಲ ಬಾಳುವುದಿಲ್ಲ ಎಂಬುದನ್ನು ಭಾಷೆಯ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ.

ಹೊರನಾಡ ಕನ್ನಡಿಗರಾದ ನಮಗೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ನಮ್ಮ ಕನ್ನಡ ಬಹಳಷ್ಟು ಸಭಾಂಗಣದ ಕನ್ನಡವಾಗಿದೆ. ದೀಪ ಬೆಳಗಿಸುವುದಕ್ಕೆ, ಸ್ವಾಗತಕ್ಕೆ, ಶಾಲು ಹೊದಿಸುವುದಕ್ಕೆ, ವಂದನಾರ್ಪಣೆಗೆ ನಮ್ಮಲ್ಲಿ ನಿರರ್ಗಳವಾದ ಮಾತುಗಳಿವೆ. ಕಾಲಿನ ಕೆಳಗಿನ ನೆಲಕ್ಕೆ, ಕಣ್ಣೆದುರಿನ ಹಕ್ಕಿಗೆ, ಮೈಗೆ ತಾಗುವ ಗಾಳಿಗೆ ನಮ್ಮ ಮಕ್ಕಳಲ್ಲಿ ಕನ್ನಡದ ಹೆಸರಿಲ್ಲ. ಸಮಾರಂಭಕ್ಕೆ ಮಾತ್ರ ಹೊರತೆಗೆಯುವ ಭಾಷೆ ಪೆಟ್ಟಿಗೆಯ ರೇಷ್ಮೆ ಸೀರೆಯಂತೆ ಮಡಿಕೆಯಲ್ಲೇ ಹರಿಯುತ್ತದೆ.

ಆದುದರಿಂದ ನನ್ನ ಸೂಚನೆಗಳು ಇವು. ಹೊರನಾಡಿನ ಪ್ರತಿಯೊಂದು ಕನ್ನಡ ವಿಭಾಗವೂ ವರ್ಷಕ್ಕೆ ಒಂದು ದಿನವನ್ನು ಪಠ್ಯದ ಅಂಗವಾಗಿಯೇ ಹೊರಾಂಗಣಕ್ಕೆ ಮೀಸಲಿಡಲಿ. ಆ ಸ್ಥಳವನ್ನು ಬಲ್ಲ, ಕನ್ನಡದಲ್ಲಿ ಮಾತನಾಡಬಲ್ಲ ಒಬ್ಬ ಹಿರಿಯರು ಜೊತೆಗಿರಲಿ. ಅವರಿಗೆ ಉಪನ್ಯಾಸಕರಿಗೆ ಸಲ್ಲುವ ಗೌರವಧನವೇ ಸಲ್ಲಲಿ. ಸ್ಥಳೀಯರ ಮಾತನ್ನು ಕೇಳಿ ಪಾಲಿಸುವ ವಿನಯ ಇರಲಿ. ಹೊರಡುವ ಮುನ್ನ ಅಪಾಯಗಳ ಪಾಠ ಆಗಲಿ. ಭರತದ ವೇಳೆ ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲೂ ಬರೆದಿರಲಿ. ಚೆನ್ನೈಯಲ್ಲಿ 1988ರಿಂದ ವಿದ್ಯಾರ್ಥಿಗಳ ತಂಡವೊಂದು ಕಡಲಾಮೆಗಳು ಮೊಟ್ಟೆಯಿಡುವ ಕಾಲದಲ್ಲಿ ರಾತ್ರಿಯಿಡೀ ದಂಡೆಯಲ್ಲಿ ನಡೆದು ಗೂಡುಗಳನ್ನು ಕಾಪಾಡುತ್ತ ಬಂದಿದೆ. ಅಲ್ಲಿನ ಕನ್ನಡ ವಿದ್ಯಾರ್ಥಿಗಳು ಆ ನಡಿಗೆಯಲ್ಲಿ ಸೇರಲು ಅಡ್ಡಿಯೇನಿದೆ? ಪುಣೆಯವರಿಗೆ ಸಹ್ಯಾದ್ರಿಯಿದೆ, ಹೈದರಾಬಾದಿನವರಿಗೆ ಹೆಬ್ಬಂಡೆಗಳಿವೆ, ದೆಹಲಿಯವರಿಗೆ ಯಮುನೆಯಿದೆ.

ಆ ಪ್ರವಾಸದ ಮರುವಾರ ನಾನು ಅದೇ ಸಮುದ್ರವರ್ಣನೆಯ ಪದ್ಯಗಳನ್ನು ಮತ್ತೆ ಓದಿಸಿದೆ. ವಾಸನೆಯಿಲ್ಲವೆಂದಿದ್ದ ವಿದ್ಯಾರ್ಥಿನಿ ಈ ಬಾರಿ, ಎಲ್ಲೆಯನ್ನು ಮೀರದಿರುವುದು ಸಮುದ್ರದ ಗುಣವೆಂದು ಕವಿಗಳು ಏಕೆ ಹೇಳುತ್ತಾರೆಂದು ಕೇಳಿದಳು. ತಾನು ಕಂಡ ನೀರು ದಿನಕ್ಕೆ ಎರಡು ಸಲ ಎಲ್ಲೆಯನ್ನು ಬದಲಿಸುತ್ತದೆ ಎಂದಳು. ಬಂಡೆಯ ಮೇಲೆ ಸಿಕ್ಕಿಕೊಂಡಿದ್ದ ಹುಡುಗರಲ್ಲೊಬ್ಬ ತಲೆಯೆತ್ತಿ, 'ಬದಲಿಸುತ್ತದೆ, ಆದರೆ ಹೇಳಿದ ಗಂಟೆಗೇ ಬದಲಿಸುತ್ತದೆ. ಅದೇ ಅದರ ಎಲ್ಲೆ' ಎಂದ. ಪದ್ಯಕ್ಕೆ ನಾನು ಇಪ್ಪತ್ತು ವರ್ಷಗಳಿಂದ ಹೇಳುತ್ತ ಬಂದಿದ್ದ ವ್ಯಾಖ್ಯಾನಕ್ಕಿಂತ ಅದು ಉತ್ತಮವಾಗಿತ್ತು. ನನ್ನ ಸಂಸ್ಥೆಗೆ ಪ್ರತಿವರ್ಷವೂ ಅನುಮತಿಗಾಗಿ ಪತ್ರ ಬರೆಯುತ್ತಿದ್ದೇನೆ. ಈ ವರ್ಷದ ಪತ್ರದೊಂದಿಗೆ ಈ ಲೇಖನದ ಪ್ರತಿಯನ್ನೂ ಇಡುತ್ತೇನೆ. ಗಂಗೊಳ್ಳಿಯ ಹಿರಿಯರು ತಾವು ಬರಲು ಸಿದ್ಧವೆಂದು ಆಗಲೇ ತಿಳಿಸಿದ್ದಾರೆ.